ಹಾಕಿಕೊಟ್ಟವರು ಹೋದ ಮೇಲೆ

ಪ್ರಿಯ ಮಕ್ಕಳೇ,

ಈ ಸಲ ಹಬ್ಬ, ಹಪ್ಪಳದ ಸುದ್ದಿ ಬಿಟ್ಟು ಕಂಪ್ಯೂಟರಿನ ವಿಷಯ ಬರೆಯುತ್ತಿದ್ದೇನೆ. ‘ಆಂಟಿಗೇಕೆ ಈ ಉಸಾಬರಿ?’ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ.

ನಮ್ಮ ಸಂಘದ ವಾಚನಾಲಯದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನು ನೀವೆಲ್ಲ ನೋಡಿದ್ದೀರಿ. ಪುಸ್ತಕಗಳ ಪಟ್ಟಿ, ಸದಸ್ಯರ ವಿಳಾಸ ಎಲ್ಲವೂ ಅದರಲ್ಲೇ ಇವೆ. 2022ರಲ್ಲಿ ನಿಮ್ಮಂಥ ಹುಡುಗನೊಬ್ಬನೇ ಅದಕ್ಕೆ ಡೆಬಿಯನ್ 11 ಹಾಕಿಕೊಟ್ಟ. ಆಮೇಲೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು, ಹೊರಟುಹೋದ. ಎರಡು ವರ್ಷ ಅದನ್ನು ಯಾರೂ ಅಪ್‌ಡೇಟ್ ಮಾಡಲಿಲ್ಲ. ‘ನಡೀತಾ ಇದೆಯಲ್ಲ, ಕೈ ಹಾಕೋದು ಬೇಡ’ ಎಂದರು ಹಿರಿಯರು.

ನಡೆಯುತ್ತಿದೆ ಎಂದರೆ ಕ್ಷೇಮವಾಗಿದೆ ಎಂದಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಕಥೆ ಕೇಳಿ. ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು. ಅದನ್ನು ಹಾಕಿಕೊಳ್ಳದೆ ಬಿಟ್ಟರು. ಮೇ ತಿಂಗಳಲ್ಲಿ ಕಳ್ಳರು ಅದೇ ಬಾಗಿಲಿನಿಂದ ನುಗ್ಗಿದರು. ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ನಮ್ಮದು ಸಣ್ಣ ಸಂಘ ನಿಜ. ಆದರೆ ವಿಳಾಸ, ಫೋನ್ ನಂಬರು ನಿಮ್ಮ ಮನೆಯವೇ ಅಲ್ಲವೇ?

ಡೆಬಿಯನ್ನನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಡೆಬ್ರಾ ಮತ್ತು ಇಯಾನ್ ಸೇರಿ ಆ ಹೆಸರಾಯಿತು. ಸ್ವಯಂಸೇವಕರು ನಡೆಸುವ ದೊಡ್ಡ ಉಗ್ರಾಣ ಅದು. 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ನಮ್ಮ ಕನ್ನಡ ಅಕ್ಷರಗಳೂ ಅಲ್ಲಿಂದಲೇ ಬರುತ್ತವೆ. ‘ಗುಬ್ಬಿ’, ‘ನವಿಲು’ ಎಂಬ ಫಾಂಟುಗಳ ಪ್ಯಾಕೇಜುಗಳಿವೆ, ಗೊತ್ತೇ? ಒಂದು ಪ್ಯಾಕೇಜು ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಹುಳಿಗೆ ಹುಳಿಪುಡಿ, ಪುಡಿಗೆ ಧನಿಯ, ಮೆಂತ್ಯ ಬೇಕಾದ ಹಾಗೆ. ಈ ಲೆಕ್ಕವನ್ನು ನೋಡಿಕೊಳ್ಳುವುದೇ ಅಪ್‌ಡೇಟ್ ಸಾಧನಗಳ ಕೆಲಸ.

ಯಾವ ಸಾಧನ ಎಂಬಲ್ಲಿ ಜಗಳ ಶುರುವಾಯಿತು. ಒಬ್ಬಳು ಮೌಸಿನಲ್ಲೇ ಮುಗಿಯುವ ಸಿನಾಪ್ಟಿಕ್ ಎಂದಳು. ಇನ್ನೊಬ್ಬ ಆಪ್ಟ್ ಎಂದ. ಮತ್ತೊಬ್ಬ ‘ಆಟೊಮ್ಯಾಟಿಕ್ ಮಾಡಿ ಮರೆತುಬಿಡಿ’ ಎಂದ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು. ಕಂಪ್ಯೂಟರ್ ಬಾರದಿದ್ದರೂ ಕೈಪಿಡಿ ಓದಬಲ್ಲೆ. ಕೂತು ಓದಿದೆ.

ತಿಳಿದದ್ದು ಇಷ್ಟು. ‘ಆಪ್ಟ್ ಅಪ್‌ಡೇಟ್’ ಎಂದರೆ ಉಗ್ರಾಣದ ಹೊಸ ಪಟ್ಟಿ ತರುವುದು ಮಾತ್ರ, ಸಾಮಾನು ತರುವುದಲ್ಲ. ‘ಆಪ್ಟ್ ಅಪ್‌ಗ್ರೇಡ್’ ಸಾಮಾನು ತರುತ್ತದೆ, ಇದ್ದ ಪ್ಯಾಕೇಜನ್ನು ಕಿತ್ತುಹಾಕುವುದಿಲ್ಲ. ‘ಫುಲ್ ಅಪ್‌ಗ್ರೇಡ್’ ಅಗತ್ಯ ಬಿದ್ದರೆ ಕಿತ್ತೂ ಹಾಕುತ್ತದೆ. ‘ಆಪ್ಟ್’ ಎದುರಿಗೆ ಕೂತು ಕೆಲಸ ಮಾಡುವವರಿಗೆ. ತಾನಾಗಿ ಓಡುವ ಸ್ಕ್ರಿಪ್ಟುಗಳಿಗೆ ಹಳೆಯ ‘ಆಪ್ಟ್-ಗೆಟ್’ ವಾಸಿ, ಅದರ ನಡವಳಿಕೆ ಸುಲಭವಾಗಿ ಬದಲಾಗುವುದಿಲ್ಲ. ಪ್ಯಾಕೇಜುಗಳ ನಡುವೆ ಸಿಕ್ಕು ಬಿದ್ದಾಗ ‘ಆಪ್ಟಿಟ್ಯೂಡ್’ ಒಂದಲ್ಲ, ಹಲವು ದಾರಿ ತೋರಿಸುತ್ತದೆ. ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಭದ್ರತೆಯ ಪರಿಹಾರಗಳನ್ನು ತಾನೇ ತಂದು ಹಾಕುತ್ತದೆ.

ಇನ್ನು ನನ್ನ ತಪ್ಪನ್ನೂ ಹೇಳಬೇಕು. ಡೆಬಿಯನ್ನಿನಲ್ಲಿ ಮೆಟ್ಟಿಲು ಹಾರಬಾರದು, 11ರಿಂದ 12ಕ್ಕೆ, ಆಮೇಲೆ 13ಕ್ಕೆ ಹೋಗಬೇಕು. 12ಕ್ಕೆ ಹತ್ತುವಾಗ ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿ ತೆರೆಯ ಮೇಲೆ ಬಂತು. ಅವಸರದಲ್ಲಿ ಓದದೆ ‘ವೈ’ ಒತ್ತಿಬಿಟ್ಟೆ. ಪುಸ್ತಕದ ಪಟ್ಟಿ ತೆರೆಯುವ ಪ್ರೋಗ್ರಾಮನ್ನು ಹುಡುಗ ಹೊರಗಿನ ಮೂಲವೊಂದರಿಂದ ಹಾಕಿದ್ದನಂತೆ. ಹೊಸ ಆವೃತ್ತಿಗೆ ಅದು ಹೊಂದಲಿಲ್ಲ, ಹೋಯಿತು. ನನ್ನ ಕೈಕಾಲು ತಣ್ಣಗಾದವು. ಪುಣ್ಯಕ್ಕೆ ಪಟ್ಟಿಯ ಫೈಲು ಹಾಗೇ ಇತ್ತು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿಯೂ ಇತ್ತು. ಹುಡುಗನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದರವರೆಗೆ ಬೇಸರಿಸದೆ ಹೇಳಿಕೊಟ್ಟ.

ಹಾಗೆಂದು ಎಲ್ಲಕ್ಕಿಂತ ಹೊಸದೇ ಒಳ್ಳೆಯದೆಂದೂ ಅಲ್ಲ. 2024ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಸೇರಿಸಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಹುಡುಕಿಕೊಂಡು ಹೋಗಿ ಅದನ್ನು ಪತ್ತೆಹಚ್ಚಿದರು. ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೆ ಅದು ಬಂದಿತ್ತು, ಸ್ಥಿರ ಶಾಖೆಗೆ ಇನ್ನೂ ಬಂದಿರಲಿಲ್ಲ. ಸ್ಥಿರ ಶಾಖೆಯಲ್ಲಿದ್ದವರು ಪಾರಾದರು.

ಆದ್ದರಿಂದ ನಾವು ಹೀಗೆ ನಿರ್ಧರಿಸಿದೆವು. ಸ್ಥಿರ ಶಾಖೆಯನ್ನು ಬಿಡುವುದಿಲ್ಲ. ಭದ್ರತೆಯ ಪರಿಹಾರಗಳು ತಾವಾಗಿ ಬರಲಿ. ಉಳಿದದ್ದನ್ನು ತಿಂಗಳ ಮೊದಲ ಭಾನುವಾರ ಒಬ್ಬರು ಕೂತು, ಪಟ್ಟಿ ಓದಿ, ‘ಆಪ್ಟ್’ನಿಂದ ಮಾಡಬೇಕು. ಅದಕ್ಕೆ ಮೊದಲು ಫೈಲುಗಳ ಪ್ರತಿ ತೆಗೆಯಬೇಕು. ಹೊರಗಿನ ಮೂಲ ಸೇರಿಸಿದರೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯಾವ ಸಾಧನ ಎಂಬ ಜಗಳ ಅರ್ಧ ಗಂಟೆಯಲ್ಲಿ ಮುಗಿಯಿತು. ಯಾರು ಕೂರುತ್ತಾರೆ ಎಂಬುದು ಮಾತ್ರ ಮುಗಿದಿಲ್ಲ.

ನಿಮ್ಮ ಅಜ್ಜ, ಅಪ್ಪಂದಿರು ಊರಿನಿಂದ ಟ್ರಂಕಿನಲ್ಲಿ ಹೊತ್ತುತಂದ ಪುಸ್ತಕಗಳ ಪಟ್ಟಿ ಅದು. ಅದರಲ್ಲಿ ಎಷ್ಟೋ ಪುಸ್ತಕಗಳನ್ನು ನೀವು ಓದಿರಲಿಕ್ಕಿಲ್ಲ. ಚಿಂತೆಯಿಲ್ಲ, ಕಾಯುವ ಕೆಲಸವನ್ನಾದರೂ ಮಾಡಿ. ಓದುವ ಆಸೆ ಆಮೇಲೆ ಹುಟ್ಟೀತು.

ಕಂಪ್ಯೂಟರಿನ ಪಕ್ಕ ಕೆಂಪು ರಟ್ಟಿನ ನೋಟ್‌ಬುಕ್ಕು ಇಟ್ಟಿದ್ದೇನೆ. ಮೊದಲ ಪುಟದಲ್ಲಿ ನನ್ನ ಹೆಸರಿದೆ, ಅದರ ಕೆಳಗೆ ಜಾಗ ಖಾಲಿ ಇದೆ. ಬರುವ ಭಾನುವಾರ ಹತ್ತು ಗಂಟೆಗೆ ಬನ್ನಿ. ಬಿಸಿ ಅವಲಕ್ಕಿ ನಾನು ತರುತ್ತೇನೆ.

ನಿಮ್ಮ ಆಂಟಿ