ಕೋವಿ ಠೇವಣಿ: ಅನುಮಾನವಿದ್ದರೆ ಹೆಸರು ಹಿಡಿದು ಹೇಳಿ

ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡಿನ ಬೆಳೆಗಾರರಿಗೆ ಠಾಣೆಯಿಂದ ಫೋನ್ ಬರುತ್ತದೆ: 'ಕೋವಿ ತಂದು ಒಪ್ಪಿಸಿ.' ಯಾಕೆಂದು ಕೇಳಿದರೆ, 'ಮೇಲಿನ ಆದೇಶ.' 2024ರಲ್ಲಿ ನಾನೂ ಒಪ್ಪಿಸಿ ಬಂದೆ. ಅಪ್ಪನ ಕಾಲದ ಒಂಟಿನಳಿಗೆ ಕೋವಿ. ಎಣ್ಣೆ ಸವರಿ, ಹಳೇ ಪಂಚೆಯಲ್ಲಿ ಸುತ್ತಿ ಒಯ್ದಿದ್ದೆ. ಪಂಚೆ ಬಿಚ್ಚಿಸಿ, ಕುದುರೆಗೆ ಹೆಸರಿನ ಚೀಟಿ ಕಟ್ಟಿ, ಗೋಡೆಗೆ ಒರಗಿಸಿದ್ದ ಸಾಲಿಗೆ ಸೇರಿಸಿದರು. ಮರಳಿ ಕೈಗೆ ಬಂದಾಗ ನಳಿಗೆಯ ಮೇಲೆಲ್ಲ ತುಕ್ಕು.

ಆ ವರ್ಷ ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಯಾಯಿತು, ಜೂನ್ 4ಕ್ಕೆ ಮತ ಎಣಿಕೆ. ಒಟ್ಟು 80 ದಿನ. ಹಳ್ಳ ಬತ್ತಿ ಕಾಡುಪ್ರಾಣಿಗಳು ತೋಟಕ್ಕಿಳಿಯುವ ದಿನಗಳೂ ಅವೇ. ಗಾಳಿಯಲ್ಲಿ ಹಾರಿಸಿದ ಒಂದು ಗುಂಡಿನ ಸದ್ದಿಗೆ ಓಡುತ್ತಿದ್ದ ಹಂದಿ ಹಿಂಡು, ರಾತ್ರಿಯಿಡೀ ನಮ್ಮ ಬಾಳೆಬುಡ ಅಗೆದು ಹಾಕಿತು. ಬೆಳೆ ರಕ್ಷಣೆಗೆಂದು ಸರ್ಕಾರವೇ ಪರವಾನಗಿ ಕೊಟ್ಟ ಕೋವಿ ಬೆಳೆ ಹಾಳಾಗುವಾಗ ಠಾಣೆಯಲ್ಲಿತ್ತು.

ಎಲ್ಲರ ಕೋವಿಯನ್ನೂ ತರಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಪರವಾನಗಿಗಳನ್ನು ಪರಿಶೀಲಿಸಿ ಎಂಬುದು ಅದರ ಸೂಚನೆ. ಅದಕ್ಕಾಗಿಯೇ ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇದೆ. ಸಾರಾಸಗಟು ಆದೇಶ ಸಲ್ಲದು, ಪ್ರತಿಯೊಬ್ಬರ ವಿಷಯದಲ್ಲೂ ಕಾರಣ ಬೇಕು ಎಂದು ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಶಾಂತಿ ಕದಡಿದರೆ ಯಾರು ಹೊಣೆ ಎಂದು ಪೊಲೀಸರು ಕೇಳುತ್ತಾರೆ. ಅವರ ಮೇಲಿನ ಒತ್ತಡ ಸುಳ್ಳಲ್ಲ. ಆದರೆ ಪರವಾನಗಿ ನವೀಕರಣದ ಹೊತ್ತಿಗೆ ನನ್ನ ನಡತೆ ವಿಚಾರಿಸಿ, ಆಕ್ಷೇಪವಿಲ್ಲವೆಂದು ವರದಿ ಕೊಟ್ಟದ್ದು ಇದೇ ಠಾಣೆ. ಯಾರ ಮೇಲೆ ಕೇಸಿದೆ, ಯಾರ ಮೇಲಿಲ್ಲ ಎಂಬ ಲೆಕ್ಕ ಅವರ ಕಪಾಟಿನಲ್ಲೇ ಇದೆ. ಅದನ್ನು ತೆರೆದು ನೋಡುವ ಶ್ರಮ ತಪ್ಪಿಸಿಕೊಳ್ಳಲು ಊರಿಗೆ ಊರನ್ನೇ ಶಂಕಿತರ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಲೆಕ್ಕಕ್ಕೆ ಸಿಗದ ನಾಡಕೋವಿ ಇಟ್ಟುಕೊಂಡವನಿಗೆ ಈ ಆದೇಶ ತಟ್ಟುವುದೇ ಇಲ್ಲ. ಕಾನೂನು ಪಾಲಿಸಿದವನಿಗೇ ಶಿಕ್ಷೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಅನುಮಾನವಿದ್ದರೆ ಹೆಸರು ಹಿಡಿದು, ಕಾರಣ ಬರೆದು ನೋಟಿಸ್ ಕೊಡಿ. ಉತ್ತರ ಹೇಳಲು ಅವಕಾಶ ಕೊಡಿ. ಇರಿಸಿಕೊಂಡ ಕೋವಿಯನ್ನು ಒಣಗಿದ ಜಾಗದಲ್ಲಿ ಜೋಪಾನ ಮಾಡಿ, ಎಣಿಕೆ ಮುಗಿದ ಮೇಲೆ ಅಲೆದಾಡಿಸದೆ ಹಿಂತಿರುಗಿಸಿ. ಅನುಮಾನವೇ ಇಲ್ಲದವನ ಕೋವಿ ಅವನ ಮನೆಯಲ್ಲೇ ಇರಲಿ.