ಮೂಲಕ್ಕೆ ನಿಷ್ಠೆ ಎಂದರೇನು?

ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು 2023ರಲ್ಲಿ ಬಿ.ಬಿ.ಸಿ. ಟೆಲಿವಿಷನ್ನಿಗೆ ತಂದಾಗ, ಮೂಲದಲ್ಲಿಲ್ಲದ ಅಫೀಮು ಮತ್ತು ಗುಲಾಮರ ವ್ಯಾಪಾರದ ಪ್ರಸ್ತಾಪವನ್ನು ಸೇರಿಸಲಾಯಿತು. ಕೃತಿ ಕೆಟ್ಟಿತೆಂದು ಹಲವರು ಕೂಗಿದರು.

ಸಾಮ್ರಾಜ್ಯಶಾಹಿಯ ಪಾಪವನ್ನು ಎತ್ತಿ ಆಡಿದ್ದಕ್ಕೆ ನಮ್ಮ ತಕರಾರಿಲ್ಲ; ಬ್ರಿಟಿಷರು ಚೀನಕ್ಕೆ ಮಾರಿದ ಅಫೀಮು ನಮ್ಮ ದೇಶದ ರೈತನ ಹೊಲದ್ದೇ. ಆದರೆ 1860-61ರಲ್ಲಿ ವಾರಪತ್ರಿಕೆಯಲ್ಲಿ ಪ್ರಕಟವಾದ ಮೂಲದಲ್ಲಿಯೇ ಕಟುಸತ್ಯವೊಂದಿದೆ. ಆಸ್ಟ್ರೇಲಿಯಕ್ಕೆ ಗಡೀಪಾರಾದ ಕೈದಿ ಕುರಿ ಸಾಕಿ ಗಳಿಸಿದ ಹಣದಿಂದ ಪಿಪ್ ಎಂಬ ಹುಡುಗ ಸಭ್ಯಗೃಹಸ್ಥನಾಗುತ್ತಾನೆ. ಆದ ಮೇಲೆ, ತನ್ನನ್ನು ಸಾಕಿದ ಕಮ್ಮಾರ ಭಾವನನ್ನು ಕಂಡು ನಾಚುತ್ತಾನೆ.

ಹೊಸ ವಿಚಾರ ಸೇರಲಿ. ಆದರೆ ಯಾರ ದುಡಿಮೆಯ ಮೇಲೆ ಯಾರ ದೊಡ್ಡಸ್ತಿಕೆ ನಿಂತಿದೆಯೆಂಬ ಈ ಸತ್ಯ ಮಾಸಕೂಡದು. ಅದನ್ನು ಉಳಿಸುವುದೇ ನಿಷ್ಠೆ. ಅದಕ್ಕೆ ಮೇಲಿನಿಂದ ಹಚ್ಚಿದ ಭಾಷಣ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.