ಜಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ಜಾಕಿನಿಂದ ಎತ್ತಿದ ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ದುರಸ್ತಿ ಮಾಡುವವರನ್ನು ಕಾಣುತ್ತೇವೆ. ಆ ಧೈರ್ಯವನ್ನು ನಾವು ಮೆಚ್ಚಲಾರೆವು.

ತೈಲದ ಜಾಕು ಪಾಸ್ಕಲನ ನಿಯಮದ ಕೂಸು. ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಚಿಕ್ಕದರ 50 ಪಟ್ಟಿದ್ದರೆ ಬಲವೂ 50 ಪಟ್ಟಾಗುತ್ತದೆ; ಹಿಡಿಕೆಯ ಸನ್ನೆಯಿಂದಾಗುವ ಲಾಭ ಬೇರೆ. ಆದರೆ ಎತ್ತಿದ ಮೇಲೆ ಆ ತೈಲವನ್ನು ತಡೆದು ನಿಲ್ಲಿಸಿರುವುದು ಒಂದು ತೆಳು ಬಳೆ, ಒಂದು ಪುಟ್ಟ ಕವಾಟ. ಕವಾಟದಲ್ಲಿ ಕಸದ ಕಣವೊಂದು ಸಿಕ್ಕಿದರೂ ತೈಲ ಹಿಂದಕ್ಕೆ ಸರಿದು ಲಾರಿ ಕುಸಿಯಬಹುದು.

ಕಲ್ಲನ್ನು ಒಡ್ಡಿದರಾಯಿತೆಂದು ದುರ್ಗದವರು ಹೇಳಿಯಾರು. ಕೋಟೆಯ ಗೋಡೆಯಲ್ಲಿ ಭಾರವು ಅಗಲವಾಗಿ ಹರಡಿದೆ; ಆಕ್ಸಲಿನ ಅಡಿಯಲ್ಲಾದರೋ ಅದು ಒಂದೆಡೆಯೇ ಒತ್ತುತ್ತದೆ. ಕಲ್ಲುಕುಟಿಗನ ಉಳಿಗೆ ಬಂಡೆ ಸೀಳುವುದೂ ಹೀಗೆಯೇ. ಮಳೆಗಾಲದ ಎರೆನೆಲವಂತೂ ಜಾಕಿನ ಬುಡವನ್ನೇ ನುಂಗುತ್ತದೆ. ಅದರಡಿ ದಪ್ಪ ಹಲಗೆ ಬೇಕು.

ಗಟ್ಟಿಯಾದ ಸಮನೆಲದಲ್ಲಿ, ಉಳಿದ ಗಾಲಿಗಳಿಗೆ ಅಡ್ಡ ಕೊಟ್ಟು, ಭಾರಕ್ಕೆ ತಕ್ಕ ಉಕ್ಕಿನ ಸ್ಟ್ಯಾಂಡುಗಳ ಮೇಲೆ ವಾಹನವನ್ನು ಇಳಿಸಿ, ಒಮ್ಮೆ ತಳ್ಳಿ ನೋಡಿದ ಮೇಲೆಯೇ ಅಡಿಗೆ ಹೋಗತಕ್ಕದ್ದು. ವಾಹನದೊಡನೆ ಸಾಮಾನ್ಯವಾಗಿ ಜಾಕು ಬರುತ್ತದೆ, ಸ್ಟ್ಯಾಂಡು ಬರುವುದಿಲ್ಲ. ಲಾರಿಯೊಂದಕ್ಕೆ ಒಂದು ಜೊತೆ ಸ್ಟ್ಯಾಂಡನ್ನು ಕಾನೂನೇ ಕಡ್ಡಾಯಗೊಳಿಸಬೇಕೆಂಬುದು ನಮ್ಮ ಅಭಿಪ್ರಾಯ.